ಅರ್ಧ ಗುಳಿಗೆಯ ಬೀದಿ

ನಮ್ಮ ಊರಿನಲ್ಲಿ ಯಾವುದನ್ನೂ ಎಲ್ಲರಿಗೂ ಕೊಡುವ ಪದ್ಧತಿಯಿಲ್ಲ. ಅರ್ಧ ಜನಕ್ಕೆ ಕೊಡುತ್ತಾರೆ, ಉಳಿದರ್ಧ ಜನಕ್ಕೆ ಕೊಟ್ಟ ಹಾಗೆ ಮಾಡುತ್ತಾರೆ. ಆಮೇಲೆ ಗುಡ್ಡದ ಮೇಲಿನ ವಿದ್ಯಾಪೀಠದವರು ಇಳಿದು ಬಂದು, ಎರಡೂ ಕಡೆಯವರನ್ನು ಅಳೆದು ತೂಗಿ, ವ್ಯತ್ಯಾಸವನ್ನು ಬರೆದುಕೊಂಡು ಹೋಗುತ್ತಾರೆ. ನಿಜವಾಗಿ ಯಾರಿಗೆ ಕೊಡಬೇಕು ಎಂಬುದನ್ನು ಅವರು ತೀರ್ಮಾನಿಸುವುದಿಲ್ಲ, ಅಂಥ ಪಕ್ಷಪಾತಿಗಳಲ್ಲ. ಪ್ರತಿ ಸಲವೂ ಬಾಗಿಲು ಹಾಕಿಕೊಂಡು ಒಂದು ನಾಣ್ಯ ಚಿಮ್ಮುತ್ತಾರೆ. ಆ ನಾಣ್ಯಕ್ಕೆ ನಮ್ಮ ಬೀದಿಯ ಮೂಡಲ ಸಾಲಿನ ಮೇಲೆ ಅದೇನು ಪ್ರೀತಿಯೋ ಕಾಣೆ. ನಾನು ಮದುವೆಯಾಗಿ ಬಂದ ಮೂವತ್ತೊಂದು ವರ್ಷದಲ್ಲಿ ಅದು ಒಮ್ಮೆಯೂ ಪಡುವಲ ಸಾಲಿನ ಕಡೆ ಬಿದ್ದದ್ದನ್ನು ನೋಡಿಲ್ಲ. ನಮ್ಮ ಮನೆ ಪಡುವಲ ಸಾಲಿನ ನಾಲ್ಕನೆಯದು.

ಇಂಜಿನಿಯರಿಂಗ್ ವಿಭಾಗದವರು ಚರಂಡಿ ಮಾಡಿದಾಗ ಮೂಡಲ ಸಾಲಿಗೆ ಹೊಸ ಚರಂಡಿ ಬಂತು, ನಮ್ಮ ಸಾಲಿನ ಹಳೇ ಚರಂಡಿಗೆ ಹೊಸ ಬಣ್ಣ ಬಂತು. ನೆಟ್‌ವರ್ಕ್ ವಿಭಾಗದವರು ಮನೆಮನೆಗೂ ಒಂದೊಂದು ಪೆಟ್ಟಿಗೆ ಜಡಿದು ಹೋದರು. ಎರಡೂ ಸಾಲಿನ ಪೆಟ್ಟಿಗೆಯಲ್ಲೂ ಹಸಿರು ದೀಪ ಉರಿಯುತ್ತಿತ್ತು. ಅವರ ಪೆಟ್ಟಿಗೆಯಲ್ಲಿ ಇಂಟರ್ನೆಟ್ ಇತ್ತು, ನಮ್ಮದರಲ್ಲಿ ಹಸಿರು ದೀಪ ಮಾತ್ರ ಇತ್ತು. ನನ್ನ ಅತ್ತೆ ಆ ಬೆಳಕಿನಲ್ಲಿ ಅಕ್ಕಿ ಆರಿಸುತ್ತಿದ್ದರು. ಹೀಗೆ ನಾವೆಲ್ಲ ಹೊಂದಿಕೊಂಡೆವು. ದೂರದ ಮಗಳ ಮುಖ ನೋಡಬೇಕೆಂದರೆ ಫೋನ್ ಹಿಡಿದು ಎದುರು ಜಗಲಿಗೆ ಹೋಗಿ ಕೂರುತ್ತಿದ್ದೆವು. ಅವರಿಗೆ ನುಗ್ಗೆಕಾಯಿ ಬೇಕಾದರೆ ನಮ್ಮ ಹಿತ್ತಲಿಗೆ ಬರುತ್ತಿದ್ದರು. ಮರಗಳ ಮೇಲೆ ಇನ್ನೂ ಯಾರೂ ಸಂಶೋಧನೆ ಮಾಡಿರಲಿಲ್ಲ.

ಇಷ್ಟೆಲ್ಲ ಕಣ್ಣಿಗೆ ಹೊಡೆಯುವ ಹಾಗಿದ್ದರೂ, ಯಾರು ಯಾವ ಸಾಲಿನವರು ಎಂಬುದು ಯಾರಿಗೂ ತಿಳಿಯಬಾರದು ಎನ್ನುವುದು ವಿದ್ಯಾಪೀಠದ ನಿಯಮ. ತಿಳಿದರೆ ಫಲಿತಾಂಶ ಕೆಡುತ್ತದಂತೆ. ಅದಕ್ಕೇ ಏನನ್ನಾದರೂ ಹಂಚುವ ದಿನ ಕೊಡುವವರೂ ಕಣ್ಣಿಗೆ ಕಪ್ಪು ಬಟ್ಟೆ ಕಟ್ಟಿಕೊಳ್ಳಬೇಕು, ತೆಗೆದುಕೊಳ್ಳುವವರೂ ಕಟ್ಟಿಕೊಳ್ಳಬೇಕು. ನೀವು ಬೇರೆ ಊರಿನವರಾದರೆ ನಗುತ್ತೀರಿ. ಗುಳಿಗೆ ಹಂಚುವ ಬುಧವಾರ ಬೆಳಗ್ಗೆ ನಮ್ಮ ಬೀದಿಗೆ ಬಂದು ನೋಡಿದ್ದರೆ ಇನ್ನೂ ನಗುತ್ತಿದ್ದಿರಿ. ಒಬ್ಬರ ಮೊಣಕೈ ಇನ್ನೊಬ್ಬರ ಹೊಟ್ಟೆಗೆ ತಿವಿದದ್ದೂ ಉಂಟು, ನರ್ಸಮ್ಮ ಗುಳಿಗೆಯನ್ನು ಕಂಬದ ಕೈಗೆ ಕೊಟ್ಟು ಹೆಬ್ಬೆಟ್ಟು ಒತ್ತು ಎಂದು ಗದರಿದ್ದೂ ಉಂಟು. ಆ ಕಪ್ಪು ಬಟ್ಟೆಗಳನ್ನು ಒಗೆದು ಇಸ್ತ್ರಿ ಮಾಡಿ ಕೊಡುತ್ತಿದ್ದವರು ನಾವೇ.

ಹೌದು, ನಮ್ಮದು ಇಸ್ತ್ರಿ ಅಂಗಡಿ. ಮನೆಯ ಮುಂದಿನ ಕೋಣೆಯೇ ಅಂಗಡಿ. ನನ್ನ ಹೆಸರು ಪುಟ್ಟತಾಯಮ್ಮ, ನಮ್ಮ ಯಜಮಾನರು ಮಾಚಯ್ಯ. ಇದ್ದಲಿನ ಇಸ್ತ್ರಿ ಪೆಟ್ಟಿಗೆ ಹಿಡಿದು ನಿಂತರೆ ಒಂದು ಕಾಲದಲ್ಲಿ ಅವರು ಹತ್ತು ಪಂಚೆ ಮುಗಿಸುವಷ್ಟರಲ್ಲಿ ನಾನು ಎರಡು ಕುಪ್ಪಸ ಮುಗಿಸುತ್ತಿರಲಿಲ್ಲ. ಆಮೇಲೆ ಉಬ್ಬಸ ಹಿಡಿಯಿತು. ಬೀದಿಯ ತುದಿಯಲ್ಲಿ ಸುಣ್ಣದ ಗೂಡು ಇತ್ತು. ಊರಿನಲ್ಲಿ ಎರಡೂ ಸಾಲಿಗೆ ಸಮನಾಗಿ ಹಂಚಿಕೆಯಾದದ್ದೆಂದರೆ ಆ ಗೂಡಿನ ಧೂಳೊಂದೇ. ಅದಕ್ಕೆ ನಮ್ಮ ಅಂಗಡಿಯ ಇದ್ದಲಿನ ಹೊಗೆಯೂ ಸೇರಿ, ಯಜಮಾನರು ಒಂದು ಅಂಗಿಯ ತೋಳು ಮುಗಿಸಿ ಕಟ್ಟೆಯ ಮೇಲೆ ಕೂತು, ಬೆನ್ನು ಬಾಗಿಸಿ, ಗಾಳಿಯನ್ನು ಬೇಡಿಕೊಳ್ಳುವ ಹಾಗಾಯಿತು. ಮನುಷ್ಯ ಅನ್ನಕ್ಕೆ ಬೇಡಿದರೆ ನೋಡಬಹುದು, ಗಾಳಿಗೆ ಬೇಡುವುದನ್ನು ನೋಡಲಾಗುವುದಿಲ್ಲ.

ಅಂಥ ಹೊತ್ತಿನಲ್ಲಿ ಉಬ್ಬಸದ ಗುಳಿಗೆಯ ಪ್ರಯೋಗ ಬಂತು. ವಿದ್ಯಾಪೀಠದ ಮೂರು ವಿಭಾಗಗಳು ಮೊದಲ ಸಲ ಒಟ್ಟು ಸೇರಿದ್ದವು. ಗುಳಿಗೆ ವೈದ್ಯಕೀಯದವರದು. ಎದೆಗೆ ಬಿಗಿದುಕೊಂಡು ಉಸಿರು ಅಳೆಯುವ ಪಟ್ಟಿ ಇಂಜಿನಿಯರಿಂಗ್‌ನವರದು. ಆ ಅಳತೆಯನ್ನು ಪೆಟ್ಟಿಗೆಯ ಮೂಲಕ ಗುಡ್ಡಕ್ಕೆ ಕಳಿಸುವುದು ನೆಟ್‌ವರ್ಕ್‌ನವರದು. ಅದಕ್ಕಾಗಿ ನಮ್ಮ ಸಾಲಿನ ಪೆಟ್ಟಿಗೆಗಳಿಗೂ ಜೀವ ಕೊಟ್ಟರು. ನಮ್ಮ ಮಾತು ಮೇಲಕ್ಕೆ ಹೋಗಬಹುದು, ಮೇಲಿನಿಂದ ಕೆಳಕ್ಕೆ ಏನೂ ಬರುವ ಹಾಗಿರಲಿಲ್ಲ. ಮುಖ್ಯಸ್ಥರು ಪ್ರೊಫೆಸರ್ ತ್ರಯಂಬಕರಾಯರು. ಎತ್ತರದ ಆಳು, ಕೋಟಿನ ಇಸ್ತ್ರಿ ಒಂದು ಗೆರೆ ಆಚೀಚೆಯಾದರೂ ವಾಪಸು ಕಳಿಸುವವರು. ಪ್ರಯೋಗ ಶುರುವಾಗುವ ಮೊದಲೇ ಸಂಶೋಧನೆಯ ಪೇಪರಿನಲ್ಲಿ ಯಾರ ಹೆಸರು ಮುಂದೆ ಬರಬೇಕು ಎಂಬುದಕ್ಕೆ ಮೂರು ವಿಭಾಗಕ್ಕೂ ಜಗಳವಾಗಿ, ಹದಿನಾರು ಹೆಸರುಗಳ ಪಟ್ಟಿಯೊಂದು ಆರು ತಿಂಗಳಿಗೆ ಸಿದ್ಧವಾಯಿತು. ಗುಳಿಗೆ ಸಿದ್ಧವಾಗಲು ಐದೇ ತಿಂಗಳು ಹಿಡಿದಿತ್ತು.

ಆ ಹದಿನಾರರಲ್ಲಿ ಕೊನೆಯ ಹೆಸರು ಪ್ರಫುಲ್ಲ ಮೇಡಂದು. ವಯಸ್ಸು ನಲವತ್ತೆರಡು, ಹನ್ನೊಂದು ವರ್ಷದಿಂದ ಪಿಎಚ್‌ಡಿ ಮಾಡುತ್ತಿದ್ದಾರೆ. ಪ್ರತಿ ಶನಿವಾರ ಅವರೇ ಇಳಿದು ಬಂದು ಎಲ್ಲರ ಎದೆಗೂ ಪಟ್ಟಿ ಬಿಗಿದು ಊದಿಸಿ ಹೋಗುತ್ತಿದ್ದರು. ಒಳ್ಳೆಯ ಹೆಣ್ಣುಮಗಳು. ಊದಲಾರದೆ ಕೆಮ್ಮುವವರ ಬೆನ್ನು ಸವರಿ, ಹಾಗೆ ಸವರುವುದಕ್ಕೆ ನಿಯಮದಲ್ಲಿ ಅವಕಾಶವಿದೆಯೋ ಇಲ್ಲವೋ ಎಂದು ತಾವೇ ಗಾಬರಿಯಾಗುತ್ತಿದ್ದರು.

ಎರಡೂ ಸಾಲಿನಿಂದ ಹದಿನೆಂಟು ಹದಿನೆಂಟು ಜನ ಉಬ್ಬಸದವರು. ಎಲ್ಲರಿಗೂ ಒಂದೇ ತರದ ಬಿಳಿ ಗುಳಿಗೆ, ಒಂದೇ ತರದ ಡಬ್ಬಿ. ನಾಣ್ಯ ಯಾರ ಕಡೆ ಬಿತ್ತು ಎಂಬುದು ಪ್ರೊಫೆಸರಿಗೂ ಗೊತ್ತಿಲ್ಲವಂತೆ. ನಮಗೆ ಮೂರನೇ ದಿನ ಗೊತ್ತಾಯಿತು. ಹೇಳಿದ್ದು ಇರುವೆ. ನಮ್ಮ ಸಾಲಿನ ಹದಿನೆಂಟು ಡಬ್ಬಿಗೂ ಸಾಲುಗಟ್ಟಿ ಬಂದವು, ಎದುರು ಸಾಲಿನ ಒಂದು ಡಬ್ಬಿಯನ್ನೂ ಮೂಸಲಿಲ್ಲ. ಇರುವೆಗಳ ಕಣ್ಣಿಗೆ ಬಟ್ಟೆ ಕಟ್ಟುವುದನ್ನು ಹದಿನಾರು ಜನರಲ್ಲಿ ಒಬ್ಬರೂ ಯೋಚಿಸಿರಲಿಲ್ಲ.

ಒಂದು ತಿಂಗಳಿಗೆ ನಮ್ಮ ಎದುರು ಮನೆಯ ಹೊನ್ನೂರಮ್ಮ ಬದಲಾದಳು. ಕಾರದ ಪುಡಿ ಕುಟ್ಟಿಸಿ ಮಾರುವವಳು, ಯಜಮಾನರಿಗಿಂತ ಹೆಚ್ಚು ಉಬ್ಬಸದವಳು. ಅಂಥವಳು ಒಂದು ಬೆಳಗ್ಗೆ ನೀರಿನವನ ಜೊತೆ ಉಸಿರು ತೆಗೆದುಕೊಳ್ಳದೆ ಕಾಲು ಗಂಟೆ ಜಗಳವಾಡಿದಳು. ಇಡೀ ಬೀದಿ ನಿಂತು ನೋಡಿತು. ಗುಳಿಗೆ ಅಪ್ಪಟ ಚಿನ್ನ ಎಂದು ಆವತ್ತೇ ಖಾತ್ರಿಯಾಯಿತು. ನನಗೆ ಮಾತ್ರ ಹೊಟ್ಟೆ ಉರಿಯಿತು. ಸುಳ್ಳು ಯಾಕೆ ಹೇಳಲಿ, ಅವಳ ಸೀರೆಗೆ ಬೇಕೆಂದೇ ಪೆಟ್ಟಿಗೆ ಒತ್ತಿ ಒಂದು ಕಂದು ಕಲೆ ಮಾಡಿದೆ.

ಹೊನ್ನೂರಮ್ಮ ಆ ಕಲೆಯ ಸೀರೆ ಹಿಡಿದುಕೊಂಡು ಬಂದಳು. ಜಗಳಕ್ಕೆ ಬಂದಳೆಂದುಕೊಂಡು ನಾನೂ ಸೆರಗು ಬಿಗಿದೆ. ಅವಳು ಒಳಗೆ ಕೆಮ್ಮುತ್ತಿದ್ದ ಯಜಮಾನರ ಕಡೆ ಒಮ್ಮೆ ನೋಡಿ, ಮುಷ್ಟಿ ಬಿಚ್ಚಿದಳು. ಅಡಿಕೆ ಕತ್ತರಿಯಲ್ಲಿ ಕತ್ತರಿಸಿದ ಅರ್ಧ ಗುಳಿಗೆ.

"ಅರ್ಧ ನಂಗೆ, ಅರ್ಧ ಮಾಚಣ್ಣಂಗೆ," ಅಂದಳು. "ನಾಕು ದಿನದಿಂದ ಅರ್ಧಾನೇ ತಗೊಂಡು ನೋಡ್ದೆ ಕಣೇ. ಸಾಕಾಗುತ್ತೆ. ಜಗಳ ಆಡೋಕೆ ಸ್ವಲ್ಪ ಕಮ್ಮಿ ಬೀಳುತ್ತೆ, ಅಷ್ಟೆ."

"ಹೊನ್ನೂರಕ್ಕ, ನಿಯಮ..."

"ನಿಯಮ ಮಾಡ್ದೋರಿಗೆ ಉಬ್ಬಸ ಇದ್ಯಾ?" ಎಂದು ಕೇಳಿ ಹೋದಳು.

ಎಂಟು ದಿನಕ್ಕೆ ಯಜಮಾನರು ಕಟ್ಟೆಯಿಂದ ಎದ್ದರು. ಇಪ್ಪತ್ತು ದಿನಕ್ಕೆ ಪೆಟ್ಟಿಗೆ ಹಿಡಿದರು. ಇದನ್ನು ನೋಡಿದ ಮೇಲೆ ಬೀದಿ ಸುಮ್ಮನಿರುತ್ತದೆಯೇ? ಮೂಡಲ ಸಾಲಿನ ಹದಿನೆಂಟು ಜನ ಪಡುವಲ ಸಾಲಿನ ಹದಿನೆಂಟು ಜನರನ್ನು ಹಂಚಿಕೊಂಡರು. ಕೈಯಿಂದ ಕೈಗೆ ಕೊಟ್ಟರೆ ಯಾರಾದರೂ ಕಂಡಾರು ಎಂದು ನಮ್ಮ ಅಂಗಡಿಯನ್ನೇ ದಾರಿ ಮಾಡಿಕೊಂಡರು. ಅವರ ಕಡೆಯ ಬಟ್ಟೆಗಂಟಿನಲ್ಲಿ ಅರ್ಧ ಗುಳಿಗೆ ಬರುತ್ತಿತ್ತು, ನಮ್ಮ ಕಡೆಯವರ ಬಟ್ಟೆಗಂಟಿನ ಮಡಿಕೆಯಲ್ಲಿ ಹೋಗುತ್ತಿತ್ತು. ನಮ್ಮ ಕಡೆಯ ಸಕ್ಕರೆ ಗುಳಿಗೆಗಳನ್ನೂ ವ್ಯರ್ಥ ಮಾಡಲಿಲ್ಲ, ಎದುರು ಸಾಲಿನವರ ಕಾಫಿಗೆ ಕಳಿಸಿದೆವು. ಹತ್ತು ತಿಂಗಳು ನಮ್ಮ ಬೀದಿಯಲ್ಲಿ ಯಾರ ಉಸಿರೂ ಕಟ್ಟಲಿಲ್ಲ. ನಾವು ಎಷ್ಟು ಜಾಣರು ಎಂದು ನಾವೇ ಬೀಗುತ್ತಿದ್ದೆವು.

ವರ್ಷ ತುಂಬಿದ ಮೇಲೆ ತ್ರಯಂಬಕರಾಯರು ಬೀದಿಯ ನಡುವೆ ಮೈಕು ಹಾಕಿಸಿ ಫಲಿತಾಂಶ ಹೇಳಿದರು. ಎರಡೂ ಸಾಲಿನವರ ಉಸಿರು ಒಂದೇ ಸಮನಾಗಿ ಸುಧಾರಿಸಿದೆ, ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ ಎಂದರು. ನಾವು ಚಪ್ಪಾಳೆ ತಟ್ಟಿದೆವು. "ಅಂದರೆ ನಿಮ್ಮನ್ನು ಗುಣಪಡಿಸಿದ್ದು ಗುಳಿಗೆಯಲ್ಲ. ಗುಳಿಗೆಯ ಮೇಲಿನ ನಂಬಿಕೆ. ಸಕ್ಕರೆಯೇ ಸಾಕು ಎಂಬುದು ಇಲ್ಲಿ ಸಾಬೀತಾಗಿದೆ," ಎಂದರು. ಅದಕ್ಕೂ ತಟ್ಟಿದೆವು. "ಆದ್ದರಿಂದ ಈ ನಿಷ್ಪ್ರಯೋಜಕ ಗುಳಿಗೆಯ ತಯಾರಿಕೆಯನ್ನು ನಿಲ್ಲಿಸುತ್ತಿದ್ದೇವೆ," ಎಂದಾಗ ಅಭ್ಯಾಸಬಲದಿಂದ ಕೆಲವರು ಇನ್ನೂ ತಟ್ಟುತ್ತಿದ್ದರು. ಯಜಮಾನರು ತಟ್ಟಲಿಲ್ಲ. ನನ್ನ ಕಡೆ ನೋಡಿದರು. ಆ ನೋಟ ನನಗೆ ಇವತ್ತಿಗೂ ಮರೆಯುವುದಿಲ್ಲ.

ಮಾರನೇ ದಿನವೇ ಪ್ರೊಫೆಸರರ ಕೋಟುಗಳ ಗಂಟು ಹೊತ್ತು ಗುಡ್ಡ ಹತ್ತಿದೆ. ಅವರು ಪೇಪರಿನ ಕೆಲಸದಲ್ಲಿದ್ದರು. ಸಕ್ಕರೆಯ ಪೇಪರಿಗೆ ಆಗಲೇ ಯಾವುದೋ ಪ್ರಶಸ್ತಿಯ ಮಾತು ನಡೆದಿತ್ತಂತೆ. ನಾನು ಹೊನ್ನೂರಮ್ಮನ ಅಡಿಕೆ ಕತ್ತರಿಯಿಂದ ಹಿಡಿದು ಎಲ್ಲವನ್ನೂ ಹೇಳಿದೆ.

ಅವರು ಸಿಟ್ಟು ಮಾಡಿಕೊಳ್ಳಲಿಲ್ಲ. ಸಿಟ್ಟು ಮಾಡಿಕೊಂಡಿದ್ದರೆ ನನಗೆ ಸಮಾಧಾನವಾಗುತ್ತಿತ್ತು. "ನೀವು ಯಾವ ಸಾಲಿನವರು ಅಂತ ನಿಮಗೆ ಗೊತ್ತಿರೋಕೆ ಸಾಧ್ಯವೇ ಇಲ್ಲವಲ್ಲ, ಅಮ್ಮ. ಕಣ್ಣಿಗೆ ಬಟ್ಟೆ ಕಟ್ಟಿದ್ದೆವು," ಎಂದರು.

"ಇರುವೆ ಬಂದ್ವು ಸ್ವಾಮಿ."

"ಇರುವೆ ನಮ್ಮ ಪ್ರಯೋಗದಲ್ಲಿ ಇರಲಿಲ್ಲ."

"ನಮ್ಮ ಡಬ್ಬೀಲಿ ಇದ್ವು."

"ನೋಡಿ, ನೀವು ಹೇಳ್ತಿರೋದು ಒಬ್ಬರ ಮಾತು. ಒಬ್ಬರ ಮಾತಿಗೆ ನಾವು ಅನುಭವ ಅಂತೀವಿ. ಪುರಾವೆ ಅನ್ನಲ್ಲ."

ಅಂಗೈ ಹುಣ್ಣಿಗೆ ಕನ್ನಡಿ ಬೇಕೇ ಎಂದು ಕೇಳುವುದು ನಮ್ಮಂಥವರ ಮಾತು. ಗುಡ್ಡದ ಮೇಲಿನವರಿಗೆ ಅಂಗೈ ತೋರಿಸಿದರೆ ಆಗದು, ಕನ್ನಡಿಯೇ ಬೇಕು, ಅದೂ ಮೂವತ್ತಾರು ಕನ್ನಡಿ ಬೇಕು. ಕೋಟು ಒಪ್ಪಿಸಿ ಹೊರಗೆ ಬಂದೆ. ಮೆಟ್ಟಿಲ ಹತ್ತಿರ ಪ್ರಫುಲ್ಲ ಮೇಡಂ ಹಿಂದಿನಿಂದ ಓಡಿ ಬಂದರು. ಬಾಗಿಲ ಸಂದಿಯಿಂದ ಎಲ್ಲವನ್ನೂ ಕೇಳಿಸಿಕೊಂಡಿದ್ದರು.

"ಪುಟ್ಟತಾಯಮ್ಮ, ಇದನ್ನ ನಾನು ನಿಮಗೆ ಹೇಳಬಾರದು," ಎಂದರು. "ಪೇಪರ್ ಅಚ್ಚು ಹಾಕೋರು ಒಂದು ತಕರಾರು ತೆಗೆದಿದ್ದಾರೆ. ಇನ್ನೊಂದು ಸಲ, ಮೂರು ತಿಂಗಳು ಮಾಡಿ ತೋರಿಸಿ ಅಂದಿದ್ದಾರೆ. ಅಷ್ಟಕ್ಕೆ ಆಗೋಷ್ಟು ಗುಳಿಗೆ ಉಳಿದಿದೆ. ಈ ಸಲ ನಿಮ್ಮ ಸಾಲಿನವರು ಎದುರು ಸಾಲಿನ ಗುಳಿಗೆ ಮುಟ್ಟದೇ ಇದ್ದರೆ ವ್ಯತ್ಯಾಸ ಕಾಣುತ್ತೆ. ಕಂಡರೆ ಗುಳಿಗೆ ಉಳಿಯುತ್ತೆ, ಆಮೇಲೆ ಇಡೀ ಊರಿಗೆ ಕೊಡಲೇಬೇಕಾಗುತ್ತೆ. ಕಾಣದಿದ್ದರೆ ಮಿಕ್ಕಿದ್ದನ್ನ ಸುಟ್ಟುಬಿಡ್ತಾರೆ."

"ಮೂರು ತಿಂಗಳು ಮುಟ್ಟದೇ ಇದ್ರೆ ಇವರ ಗತಿ?"

"ತೀರಾ ಜಾಸ್ತಿ ಆದರೆ ಆಸ್ಪತ್ರೆಗೆ ಸೇರಿಸ್ತೀನಿ, ನಾನೇ ಹೊತ್ತುಕೊಂಡಾದ್ರೂ ಹೋಗ್ತೀನಿ," ಎಂದರು ಮೇಡಂ.

ಆ ಭಾನುವಾರ ಮಧ್ಯಾಹ್ನ ಎರಡೂ ಸಾಲಿನ ಮೂವತ್ತಾರು ಜನ ನಮ್ಮ ಅಂಗಡಿಯಲ್ಲಿ ಸೇರಿದರು. ವಿಷಯ ಹೇಳಿದೆ. ಉಬ್ಬಸದವರು ಮೂವತ್ತಾರು ಜನ ಒಂದೇ ಕೋಣೆಯಲ್ಲಿ ಮೌನವಾಗಿದ್ದರೆ ಎಷ್ಟು ಸದ್ದಾಗುತ್ತದೆಂದು ನಿಮಗೆ ಗೊತ್ತಿಲ್ಲ. ಕೊನೆಗೆ ಬೀಗ ರಿಪೇರಿಯ ಚನ್ನವೀರಪ್ಪ ಎದ್ದು ನಿಂತ. ನಮ್ಮ ಸಾಲಿನ ಎರಡನೇ ಮನೆಯವನು, ಮಾತಿನ ಮಲ್ಲ.

"ಮೂರು ತಿಂಗಳು ತಾನೇ? ನಮ್ಮ ಮಕ್ಕಳು ಮೊಮ್ಮಕ್ಕಳಿಗೋಸ್ಕರ ಇಷ್ಟೂ ಮಾಡದಿದ್ರೆ ನಾವು ಮನುಷ್ಯರಾ? ನಾನಂತೂ ಮುಟ್ಟಲ್ಲ," ಎಂದು ಮುಂದೆ ಬಂದು, ಕಾದ ಇಸ್ತ್ರಿ ಪೆಟ್ಟಿಗೆಯ ಹಿಡಿ ಮುಟ್ಟಿ ಆಣೆ ಇಟ್ಟ.

ಅವನ ಹಿಂದೆ ಒಬ್ಬೊಬ್ಬರಾಗಿ ಹದಿನೇಳು ಜನ ಹಿಡಿ ಮುಟ್ಟಿದರು. ಯಜಮಾನರೇ ಕೊನೆಯವರು. ಮಾತಿಲ್ಲದ ಮನುಷ್ಯ. ಹಿಡಿಯ ಮೇಲೆ ಕೈಯಿಟ್ಟರು. ಮೂಡಲ ಸಾಲಿನವರೂ ಕೊಡುವುದಿಲ್ಲವೆಂದು ಮುಟ್ಟಿದರು. ಹೊನ್ನೂರಮ್ಮ ಅಳುತ್ತಲೇ ಮುಟ್ಟಿದಳು. ನಾನು ಮಾತ್ರ ಮುಟ್ಟಲಿಲ್ಲ. ನನಗೆ ಉಬ್ಬಸವಿರಲಿಲ್ಲ, ನನ್ನನ್ನು ಯಾರೂ ಕೇಳಲೂ ಇಲ್ಲ.

ಮೊದಲ ಹದಿನೈದು ದಿನ ಹಳೆಯ ಗುಳಿಗೆಯ ಬಲವಿತ್ತು. ಆಮೇಲೆ ಇಳಿಯಿತು. ಯಜಮಾನರು ಪೆಟ್ಟಿಗೆ ಇಟ್ಟರು, ಅಂಗಡಿ ಬಿಟ್ಟರು, ಎರಡನೇ ತಿಂಗಳಿಗೆ ಮಲಗುವುದನ್ನೂ ಬಿಟ್ಟರು. ಗೋಡೆಗೆ ದಿಂಬು ಆನಿಸಿ ಕೂತೇ ಇರುತ್ತಿದ್ದರು. ಮಾತಿಗೆ ಉಸಿರು ಸಾಲದೆ ಬೆರಳಿನಲ್ಲಿ ನೀರು, ಗಂಜಿ ಎಂದು ತೋರಿಸುತ್ತಿದ್ದರು. ಶನಿವಾರ ಪ್ರಫುಲ್ಲ ಮೇಡಂ ಎದೆಗೆ ಪಟ್ಟಿ ಬಿಗಿದರೆ ಊದಿದ ಗಾಳಿ ಅವರ ಕೈಗೆ ತಾಗುತ್ತಿರಲಿಲ್ಲ. ಆಸ್ಪತ್ರೆಗೆ ಸೇರಿಸಲೇ ಎಂದು ಅವರು ಮೂರು ಸಲ ಕೇಳಿದರು. ಸೇರಿದರೆ ಲೆಕ್ಕದಿಂದ ಹೆಸರು ಹೋಗುತ್ತದಲ್ಲವೇ ಎಂದು ಯಜಮಾನರು ಬೆರಳಿನಲ್ಲೇ ಕೇಳಿದರು. ಹೋಗುತ್ತದೆ ಎಂದರು ಮೇಡಂ. ಇವರು ಬೇಡವೆಂದು ತಲೆಯಾಡಿಸಿಬಿಟ್ಟರು.

ನಾನು ಆಣೆ ಇಟ್ಟಿರಲಿಲ್ಲ ಎಂದೆನಲ್ಲ. ಒಂದು ದಿನ ಹೊನ್ನೂರಮ್ಮನ ಕಾಲು ಹಿಡಿದು ಅರ್ಧ ಗುಳಿಗೆ ತಂದು ಪುಡಿ ಮಾಡಿ ಗಂಜಿಗೆ ಬೆರೆಸಿದೆ. ಸಕ್ಕರೆಯಾಗಿದ್ದರೆ ತಿಳಿಯುತ್ತಿರಲಿಲ್ಲ. ಕಹಿ ನಾಲಿಗೆಗೆ ತಾಗಿತು. ಯಜಮಾನರು ಬಟ್ಟಲು ಕೆಳಗಿಟ್ಟು, ಬಾಯಲ್ಲಿದ್ದದ್ದನ್ನು ಉಗಿದು, ತುಂಬಾ ಹೊತ್ತು ಉಸಿರು ಕೂಡಿಸಿಕೊಂಡರು.

"ನಾನೊಬ್ಬ ತಗೊಂಡ್ರೆ ಏನಾಗುತ್ತೆ ಅಂತ... ಹದಿನೆಂಟು ಜನಾನೂ ಅಂದ್ಕೊಂಡ್ರೆ?" ಎಂದರು.

"ಅಂದ್ಕೊಳ್ಳಲಿ. ನನಗೆ ಹದಿನೆಂಟು ಜನ ಗಂಡಂದಿರಿಲ್ಲ," ಎಂದೆ.

ಅವರಿಗೆ ನಗು ಬಂತು. ನಕ್ಕರೆ ಕೆಮ್ಮು ಬರುತ್ತದೆ, ಕೆಮ್ಮಿದರೆ ಜೀವ ಹೋಗುತ್ತದೆ ಎನ್ನುವ ಸ್ಥಿತಿ. ಅರ್ಧ ತಾಸು ಬೆನ್ನು ನೀವಿದೆ. ಮತ್ತೆ ಗಂಜಿಗೆ ಏನೂ ಬೆರೆಸಲಿಲ್ಲ. ಬೆರೆಸದಿದ್ದಕ್ಕೆ ನನ್ನನ್ನು ನಾನು ಎಷ್ಟು ಬೈದುಕೊಂಡಿದ್ದೇನೋ ಲೆಕ್ಕವಿಲ್ಲ.

ಆ ಮೂರು ತಿಂಗಳು ನಮ್ಮ ಅಂಗಡಿಯ ಬಟ್ಟೆಗಂಟುಗಳಲ್ಲಿ ಒಂದು ಚೂರು ಗುಳಿಗೆಯೂ ದಾಟಲಿಲ್ಲ. ಪ್ರತಿ ಮಡಿಕೆಯನ್ನೂ ನಾನೇ ಬಿಚ್ಚಿ ನೋಡುತ್ತಿದ್ದೆ. ಬಡವರ ಮಾತಿಗೂ ಬೆಲೆಯಿದೆ ಎಂದು ಹೆಮ್ಮೆಪಟ್ಟೆ. ಬೀದಿಯಲ್ಲಿ ಬಟ್ಟಲುಗಳ ಓಡಾಟ ಮಾತ್ರ ಹೆಚ್ಚಾಗಿತ್ತು. ಎದುರು ಸಾಲಿನಿಂದ ಒಬ್ಬರ ಮನೆಗೆ ಗೊಜ್ಜು, ಇನ್ನೊಬ್ಬರ ಮನೆಗೆ ಬಸ್ಸಾರು, ಮತ್ತೊಬ್ಬರ ಮನೆಗೆ ಚಟ್ನಿ ಪುಡಿ. ಕಷ್ಟ ಬಂದಾಗ ಜನಕ್ಕೆ ಎಂಥ ಒಗ್ಗಟ್ಟು ಎಂದುಕೊಂಡೆ. ಚನ್ನವೀರಪ್ಪ ಏಣಿ ಹತ್ತಿ ಶಾಲೆಯ ಮಾಳಿಗೆಯ ಬೀಗ ತೆಗೆಯುತ್ತಿರುವುದನ್ನು ನೋಡಿ, "ಪರವಾಗಿಲ್ವೇನಪ್ಪ?" ಎಂದು ಕೇಳಿದೆ. "ಹಠ ಕಣಮ್ಮ, ಬರೀ ಹಠದ ಮೇಲೆ ಓಡಾಡ್ತಿದೀನಿ," ಎಂದ. ಒಳಗೆ ಬಂದು, ನೀವೂ ಸ್ವಲ್ಪ ಹಠ ಮಾಡಿ ಎಂದು ಯಜಮಾನರಿಗೇ ಹೇಳಿದೆ. ನನ್ನ ಬುದ್ಧಿಗೆ ಅದೇ ಇಸ್ತ್ರಿ ಪೆಟ್ಟಿಗೆಯಲ್ಲಿ ಬರೆ ಹಾಕಬೇಕಿತ್ತು.

ಮೂರು ತಿಂಗಳಾದ ಮೇಲೆ ವಿದ್ಯಾಪೀಠದ ಸಭಾಂಗಣದಲ್ಲಿ ಫಲಿತಾಂಶ. ನಮ್ಮನ್ನೂ ಕರೆದಿದ್ದರು. ಸಭಾಂಗಣದಲ್ಲೂ ಅರ್ಧಕ್ಕೆ ಫ್ಯಾನು, ಅರ್ಧಕ್ಕೆ ಫ್ಯಾನಿನ ರೆಕ್ಕೆ. ನಾನು ಬೇಡವೆಂದರೂ ಯಜಮಾನರು ಕೇಳಲಿಲ್ಲ. ಒಂದು ಕೈಗಾಡಿಯಲ್ಲಿ ದಿಂಬಿಟ್ಟು ಗುಡ್ಡ ಹತ್ತಿಸಿದೆವು. ನಾನೂ ಹೊನ್ನೂರಮ್ಮನೂ ತಳ್ಳಿದೆವು. ಚನ್ನವೀರಪ್ಪ ಮುಂದೆ ನಿಂತು ಎಳೆದ. ಸಲೀಸಾಗಿ ಎಳೆದ. ಒಳಗೆ ಹೋಗಿ ಗೋಡೆ ಪಕ್ಕದ ಕುರ್ಚಿಯಲ್ಲಿ ಅವರನ್ನು ಕೂರಿಸಿದೆ. ವ್ಯತ್ಯಾಸ ಕಾಣುತ್ತದೆ, ಮಧ್ಯಾಹ್ನದ ಹೊತ್ತಿಗೆ ಬಾಯಿಗೆ ಒಂದು ಇಡೀ ಗುಳಿಗೆ ಬೀಳುತ್ತದೆ ಎಂಬುದೊಂದೇ ನನ್ನ ತಲೆಯಲ್ಲಿತ್ತು.

ವೇದಿಕೆಯ ಮೇಲೆ ಮರದ ಚೌಕಟ್ಟಿಗೆ ದೊಡ್ಡ ಬಿಳಿ ಹಾಳೆ ಅಂಟಿಸಿದ್ದರು. ಹಾಳೆಯಲ್ಲಿ ಮೂವತ್ತಾರು ಚುಕ್ಕೆ. ಒಬ್ಬೊಬ್ಬರ ಉಸಿರಿಗೆ ಒಂದೊಂದು ಚುಕ್ಕೆ, ಮೂಡಲ ಸಾಲಿನವು ಕೆಂಪು, ಪಡುವಲ ಸಾಲಿನವು ನೀಲಿ. ಉಸಿರು ಚೆನ್ನಾಗಿದ್ದರೆ ಚುಕ್ಕೆ ಮೇಲೆ, ಕೆಟ್ಟಿದ್ದರೆ ಕೆಳಗೆ ಎಂದು ಪ್ರಫುಲ್ಲ ಮೇಡಂ ವಿವರಿಸಿದರು. ನಾನು ಓದಿದವಳಲ್ಲ, ಆದರೆ ಚುಕ್ಕೆ ನೋಡಲು ಓದು ಬೇಕಿಲ್ಲ. ಹದಿನೆಂಟು ಕೆಂಪು ಚುಕ್ಕೆ ಮೇಲಿದ್ದವು. ಅವುಗಳ ಮಧ್ಯೆ, ಅವುಗಳ ಭುಜಕ್ಕೆ ಭುಜ ತಾಗಿಸಿ, ಹದಿನೇಳು ನೀಲಿ ಚುಕ್ಕೆಗಳೂ ಇದ್ದವು. ಒಂದೇ ಒಂದು ನೀಲಿ ಚುಕ್ಕೆ ಹಾಳೆಯ ಬುಡದಲ್ಲಿ ಬಿದ್ದಿತ್ತು.

ಹಾಳೆ ನೋಡುವುದನ್ನು ಬಿಟ್ಟು ತಿರುಗಿ ನಮ್ಮ ಸಾಲಿನವರನ್ನು ನೋಡಿದೆ. ಚನ್ನವೀರಪ್ಪ ತನ್ನ ಕಾಲಿನ ಉಗುರು ನೋಡುತ್ತಿದ್ದ. ಅವನ ಪಕ್ಕದವಳು ಸೆರಗಿನ ಅಂಚು ನೋಡುತ್ತಿದ್ದಳು. ಎದುರು ಸಾಲಿನವರೂ ಯಾರೂ ತಲೆ ಎತ್ತಲಿಲ್ಲ. ಹೊನ್ನೂರಮ್ಮ ನನ್ನ ಕೈ ಹಿಡಿದು, "ಚನ್ನವೀರನ ಹೆಂಡ್ತಿ ಬಂದು ಗೋಳಾಡಿದ್ಲು ಕಣೇ. ಮಾಚಣ್ಣ ಹೆಂಗೂ ಬೇಡ ಅಂದ್ನಲ್ಲ, ಆ ಅರ್ಧ ಸುಮ್ನೆ ಇತ್ತು... ನಾನೊಬ್ಳು ಕೊಟ್ರೆ ಏನಾಗುತ್ತೆ ಅಂತ..." ಎಂದಳು. ಬಸ್ಸಾರು, ಗೊಜ್ಜು, ಚಟ್ನಿ ಪುಡಿ ಎಲ್ಲವೂ ಆಗ ಅರ್ಥವಾಯಿತು. ಯಾವ ಬಾಯಲ್ಲಿ ಬೈಯಲಿ? ಗಂಜಿಗೆ ನಾನು ಬೆರೆಸಿರಲಿಲ್ಲವೇ?

ವೇದಿಕೆಯ ಮೇಲೆ ಆ ಒಂಟಿ ಚುಕ್ಕೆಯ ಬಗ್ಗೆ ವಾದ ಹತ್ತಿತ್ತು. ನೆಟ್‌ವರ್ಕ್‌ನವರು ಇದು ಎದೆಪಟ್ಟಿಯ ದೋಷ ಎಂದರು. ಇಂಜಿನಿಯರಿಂಗ್‌ನವರು ಪಟ್ಟಿ ಸರಿಯಾಗಿದೆ, ಪೆಟ್ಟಿಗೆ ಅಳತೆಯನ್ನು ದಾರಿಯಲ್ಲಿ ಕಳೆದಿದೆ ಎಂದರು. ವೈದ್ಯಕೀಯದವರು ಎರಡೂ ಕೆಟ್ಟಿರಬಹುದು ಎಂದರು. ಪ್ರಫುಲ್ಲ ಮೇಡಂ ಮುಂದೆ ಬಂದು, "ಸರ್, ಯಂತ್ರದ ತಪ್ಪಲ್ಲ. ಆ ವ್ಯಕ್ತಿ ಇಲ್ಲೇ ಇದ್ದಾರೆ, ಒಮ್ಮೆ ನೋಡಿ," ಎಂದರು. ವ್ಯಕ್ತಿಗಳನ್ನು ನೋಡುವುದು ನಿಯಮಕ್ಕೆ ವಿರುದ್ಧ ಎಂದು ತ್ರಯಂಬಕರಾಯರು ನೆನಪಿಸಿದರು. ಹದಿನಾರು ಹೆಸರಿನ ಕ್ರಮಕ್ಕೆ ಆರು ತಿಂಗಳು ಕಿತ್ತಾಡಿದವರು, ಆ ಚುಕ್ಕೆ ತಪ್ಪು ಎಂಬುದನ್ನು ಅರ್ಧ ನಿಮಿಷದಲ್ಲಿ ಒಪ್ಪಿಕೊಂಡರು. ಹದಿನೈದು ಜನ ಒಪ್ಪಿದರು ಎನ್ನಬೇಕು. ಮೇಡಂ ಹಿಂದೆ ಹೋಗಿ ಗೋಡೆಗೆ ಮುಖ ಮಾಡಿ ನಿಂತರು.

"ಎಲ್ಲ ಪ್ರಯೋಗದಲ್ಲೂ ಇಂಥದ್ದೊಂದು ಇರುತ್ತದೆ," ಎಂದು ತ್ರಯಂಬಕರಾಯರು ನಗುತ್ತಾ ಹಾಳೆಯ ಹತ್ತಿರ ಬಂದರು. "ಇದನ್ನು ಬಿಟ್ಟು ನೋಡಿ. ಎಷ್ಟು ಅಚ್ಚುಕಟ್ಟಾಗಿದೆ. ಗುಳಿಗೆಗೂ ಸಕ್ಕರೆಗೂ ವ್ಯತ್ಯಾಸವಿಲ್ಲ." ಸಭೆಗೆ ಚೆನ್ನಾಗಿ ಕಾಣಲೆಂದು ಬಗ್ಗಿ, ಬುಡದ ಆ ನೀಲಿ ಚುಕ್ಕೆಯ ಮೇಲೆ ತಮ್ಮ ಹೆಬ್ಬೆರಳನ್ನು ಒತ್ತಿ ಹಿಡಿದರು. ಮುಂದಿನ ಸಾಲಿನವರು ಚಪ್ಪಾಳೆ ತಟ್ಟಿದರು.

ನನ್ನ ಪಕ್ಕದಲ್ಲಿ ಯಜಮಾನರು ಕುರ್ಚಿಯ ತೋಳು ಹಿಡಿದು ಮುಂದಕ್ಕೆ ಬಾಗಿದ್ದರು. ಕುತ್ತಿಗೆಯ ನರಗಳು ಎದ್ದಿದ್ದವು, ತುಟಿ ಬಣ್ಣ ಕೆಟ್ಟಿತ್ತು. ನಾನು ಎದ್ದು ನಿಂತೆ. ಅವರು ನನ್ನ ಸೆರಗು ಹಿಡಿದು ಕೂರು ಎಂದು ಎಳೆದರು. ಬಿಡಿಸಿಕೊಂಡೆ.

"ಸ್ವಾಮಿ, ಬೆರಳು ತೆಗೀರಿ," ಎಂದೆ. "ಅವರಿಗೆ ಉಸಿರು ಕಟ್ತಿದೆ."